ಅತ್ತೆ ಹುಡುಕಿದ ಮುಳ್ಳು

ನನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎಂದು ಮೊದಲು ಹೇಳಿದವರು ನನ್ನ ಅತ್ತೆ. ಹೇಳಿ, ಆ ತಪ್ಪನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡರು. ನಮ್ಮೂರು ನಾವುಂದದಲ್ಲಿ ಮೀನು ಮಾರಿಯೇ ಸಂಸಾರ ತೂಗಿಸಿದವರು ಅವರು. ನನಗೆ ಜ್ವರ ಬಂದಿದ್ದಾಗ ಬೈಗೆ ಎಂಬ ಸಣ್ಣ ಮೀನಿನ ಮುಳ್ಳನ್ನೆಲ್ಲ ಬೆರಳಲ್ಲಿ ಬಿಡಿಸಿ, ಗಂಜಿಯ ಜೊತೆ ಉಣಿಸಿದ್ದರು. ಮೊದಲ ಸಲ ತುತ್ತು ಎದೆಯಲ್ಲಿ ನಿಂತದ್ದು ಅವತ್ತೇ. ಒಂದು ಮುಳ್ಳು ತಮ್ಮ ಕಣ್ಣು ತಪ್ಪಿಸಿತು ಎಂಬುದು ಅವರ ಖಾತ್ರಿ.

ಮುಳ್ಳು ಸಿಕ್ಕರೆ ನಮ್ಮಲ್ಲಿ ಅನ್ನದ ಉಂಡೆ ನುಂಗಿಸುತ್ತಾರೆ, ಉಂಡೆಯ ಜೊತೆ ಮುಳ್ಳೂ ಇಳಿಯಲಿ ಎಂದು. ನನಗೆ ಉಂಡೆಯೇ ಎದೆಯ ನಡುವೆ ಕೂತುಬಿಡುತ್ತಿತ್ತು. ಬರಬರುತ್ತಾ ಕುಡಿದ ನೀರೂ ಇಳಿಯದಾಯಿತು. ಬಚ್ಚಲಿಗೆ ಓಡಿ ಕಾರಿಕೊಂಡು ಬಂದರೆ, ಅತ್ತೆ ಇನ್ನೂ ಸಣ್ಣದೊಂದು ಉಂಡೆ ಹಿಡಿದು ನಿಂತಿರುತ್ತಿದ್ದರು. ನನ್ನನ್ನು ಸಾಯಿಸಿಯೇ ಬಿಡಿ ಎಂದು ಕೂಗಾಡುತ್ತಿದ್ದೆ. ನನ್ನ ಬಾಯಿ ಜೋರು, ಕೇರಿಗೆಲ್ಲ ಗೊತ್ತು. ಅವರು ತಿರುಗಿ ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು, ಬೈಯಲಿಲ್ಲ. ನನ್ನ ರವಿಕೆ ಸಡಿಲವಾಗುತ್ತಾ ಬಂದಂತೆ ಅವರು ಮೀನು ತಿನ್ನುವುದನ್ನೇ ಬಿಟ್ಟರು. ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತರು.

ಕುಂದಾಪುರದಲ್ಲಿ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಮುಳ್ಳೂ ಇಲ್ಲ, ಗಾಯವೂ ಇಲ್ಲ ಎಂದರು. ಅತ್ತೆ ನಂಬಬೇಕಲ್ಲ! ಮುಳ್ಳು ಮಾಂಸದೊಳಗೆ ಹೊಕ್ಕು ಕೂತಿರುತ್ತದೆ, ಕ್ಯಾಮೆರಾಕ್ಕೆ ಎಂತ ಗೊತ್ತು ಎಂದರು. ಅನ್ನನಾಳದೊಳಗಿನ ಒತ್ತಡ ಅಳೆಸಿಕೊಂಡು ಬನ್ನಿ ಎಂದು ಡಾಕ್ಟರು ಬ್ರಹ್ಮಾವರದ ಆಚೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗಂಡ ಮೀನು ಹಿಡಿಯಲು ಬೋಟಿಗೆ ಹೋಗಿದ್ದರು. ಜೊತೆಗೆ ಬಂದವರು ಅತ್ತೆಯೇ.

ಮೂಗಿನಿಂದ ತೆಳ್ಳಗಿನ ಕೊಳವೆಯನ್ನು ಹೊಟ್ಟೆಯವರೆಗೆ ಇಳಿಸಿದರು. ಓಕರಿಕೆ, ಕಣ್ಣು ತುಂಬ ನೀರು. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಮಲಗಿಸಿ, ಸಿರಿಂಜಿನಿಂದ ಬಾಯಿಗೆ ಗುಟುಕು ಗುಟುಕಾಗಿ ನೀರು ಬಿಟ್ಟಳು. ಹೇಳಿದಾಗ ಮಾತ್ರ ನುಂಗಬೇಕು, ನಡುವೆ ಎಂಜಲನ್ನೂ ನುಂಗಬಾರದು. ಅತ್ತೆ ನನ್ನ ಪಾದ ಹಿಡಿದು ಕೂತಿದ್ದರು. ಹುಡುಗಿ ನುಂಗಿ ಎಂದಾಗಲೆಲ್ಲ ಅವರೂ ಕಷ್ಟಪಟ್ಟು ನುಂಗುತ್ತಿದ್ದರು. ನನಗೋ ನಗು. ಮೂಗಲ್ಲಿ ಕೊಳವೆ ಇಟ್ಟುಕೊಂಡು ನಗುವುದಾದರೂ ಹೇಗೆ?

ಆಮೇಲೆ ಅಲ್ಲಿನ ಡಾಕ್ಟರು ಪರದೆಯ ಮೇಲಿನ ಬಣ್ಣದ ಚಿತ್ರ ತೋರಿಸಿದರು. ನುಂಗಿದಾಗ ಒತ್ತಡ ಮೇಲಿನಿಂದ ಕೆಳಕ್ಕೆ ಅಲೆಯ ಹಾಗೆ ಸಾಗಬೇಕಂತೆ, ಅನ್ನನಾಳದ ತುದಿಯ ಬಿಗಿ ಸಡಿಲವಾಗಿ ದಾರಿ ಬಿಡಬೇಕಂತೆ. ನನ್ನಲ್ಲಿ ಅಲೆಯೇ ಇಲ್ಲ, ಬಿಗಿಯೂ ಬಿಡುತ್ತಿಲ್ಲ. ಅಲ್ಲಿನ ನರಗಳ ತೊಂದರೆ, ಬಿಗಿ ಬಿಡಿಸಲು ಚಿಕಿತ್ಸೆ ಇದೆ ಎಂದರು. ನನಗೆ ಅಷ್ಟು ಸಾಕಿತ್ತು. ಅತ್ತೆ ಮಾತ್ರ ಪರದೆಗೆ ಮುಖ ತಾಗುವಷ್ಟು ಬಗ್ಗಿದರು.

"ಮುಳ್ಳ್ ಎಲ್ಲಿತ್ತ್, ಕಾಣ್ಸಿ ಡಾಕ್ಟ್ರೆ."

ಮುಳ್ಳು ಇಲ್ಲವೇ ಇಲ್ಲಮ್ಮ, ಈ ಕಾಯಿಲೆ ಮೀನಿನಿಂದ ಬರುವುದಲ್ಲ ಎಂದರು ಅವರು. ಅತ್ತೆ ಮತ್ತೆ ಕೇಳಿದರು. ಪುಣ್ಯಾತ್ಮ ಸಿಟ್ಟಾಗಲಿಲ್ಲ, ಚಿತ್ರದ ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಮತ್ತೊಮ್ಮೆ ವಿವರಿಸಿದರು.

ಅತ್ತೆ ನನ್ನ ಕಡೆ ತಿರುಗಿದರು.

"ಹಂಗಾರೆ ನಾ ಮುಳ್ಳೆಲ್ಲ ಸಮಾ ತೆಗ್ದಿದ್ದೆ ಮಗಾ."

"ತೆಗ್ದಿದ್ರಿ ಅತ್ತೆ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ಸೊಸೆಯ ಕಾಯಿಲೆಗೆ ಹೆದರಿ ಅಳುತ್ತಿದ್ದಾರೆ ಎಂದುಕೊಂಡ ಡಾಕ್ಟರು, ಹೆದರಬೇಡಿ, ಸರಿಹೋಗುತ್ತದೆ ಎಂದು ಅವರಿಗೆ ಧೈರ್ಯ ಹೇಳತೊಡಗಿದರು. ನಾನು ತಿದ್ದಲು ಹೋಗಲಿಲ್ಲ. ಅತ್ತೆಯ ಬೆನ್ನು ಸವರುತ್ತಾ ಕೂತೆ.