ವಾಲ್ವುಗಳ ಗುಟ್ಟು ಬಿಡಿಸುವ ಯಾಕಮ್ಮ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಕಾಂಪೌಂಡಿನ ಪಕ್ಕ, ಕಬ್ಬಿಣದ ಮುಚ್ಚಳ ಸರಿಸಿದ ಗುಂಡಿಯ ಅಂಚಿನಲ್ಲಿ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫೋನು. ಗುಂಡಿಗಿಳಿದ ವಾಲ್ವ್‌ಮನ್ ಉದ್ದನೆಯ ಕೀಲಿ ಸಿಕ್ಕಿಸಿ ಬಡಾವಣೆಗೆ ನೀರು ಬಿಡುತ್ತಿದ್ದಾನೆ.

"ಹದಿನಾರು ಸುತ್ತು. ಸಾಕು."

"ಇದು ಹದಿನೆಂಟು ಸುತ್ತಿನದ್ದಲ್ವಾ? ಹದಿನಾರಕ್ಕೇ ನಿಲ್ಲಿಸಿದ್ದು ಯಾಕೆ?"

"ಪೂರ್ತಿ ತೆಗೆದ್ರೆ ಕೆಳಗಿನ ಬೀದೀಲಿ ನೀರು ನುಗ್ಗಿ ಹಳೇ ಪೈಪಿನ ಜಾಯಿಂಟು ಬಿಟ್ಕೊಳ್ಳುತ್ತೆ."

"ಎಷ್ಟನೇ ಮನೆ ಮುಂದಿನ ಜಾಯಿಂಟು?"

"ಅಯ್ಯೋ, ಮುಖ ತೊಳೆಯೋಕೆ ಮೊದಲೇ ಶುರು ಹಚ್ಕೊಂಡ್ರಲ್ಲ ಮೇಡಂ!"

ಆಕೆ ನಗುತ್ತಾರೆ, ಆದರೆ ಉತ್ತರ ಸಿಗುವವರೆಗೆ ಏಳುವುದಿಲ್ಲ. ನೀರು ಸರಬರಾಜು ಕಚೇರಿಯ ಈ ದಾಖಲೆ ಗುಮಾಸ್ತೆಗೆ ವಾಲ್ವ್‌ಮನ್‌ಗಳು ಇಟ್ಟ ಹೆಸರು ಯಾಕಮ್ಮ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ.

ಈ ಊರಿನ ನೆಲದಡಿಯಲ್ಲಿ ಎರಡು ಸಾವಿರದ ನೂರಕ್ಕೂ ಹೆಚ್ಚು ವಾಲ್ವುಗಳಿವೆ. ನಕ್ಷೆಯಲ್ಲಿ ಕಾಣುವುದು ಅದರಲ್ಲಿ ಅರ್ಧ ಮಾತ್ರ. ಉಳಿದವು ಮೂವತ್ತೊಂದು ಮಂದಿ ವಾಲ್ವ್‌ಮನ್‌ಗಳ ತಲೆಯಲ್ಲಿವೆ. ಯಾವುದು ಎಷ್ಟು ಸುತ್ತಿನದು, ಯಾವುದು ತಿರುಗದೆ ಮೊಂಡು ಬಿದ್ದಿದೆ, ಯಾವುದನ್ನು ಮುಟ್ಟಿದರೆ ಇನ್ನೆಲ್ಲೋ ನೀರು ನಿಲ್ಲುತ್ತದೆ ಎಂಬುದು ಅವರಿಗಷ್ಟೇ ಗೊತ್ತು. ಒಬ್ಬೊಬ್ಬರೇ ನಿವೃತ್ತರಾದಂತೆ ಆ ತಿಳಿವಳಿಕೆಯೂ ಅವರೊಟ್ಟಿಗೆ ಮನೆಗೆ ಹೋಗುತ್ತಿತ್ತು. ಅದನ್ನು ತಡೆಯುವುದೇ ಯಾಕಮ್ಮನ ಕೆಲಸ. ದಿನಕ್ಕೆ ಐದಾರು ಕಿಲೋಮೀಟರ್ ನಡಿಗೆ, ಹದಿನಾಲ್ಕು ಹದಿನೈದು ಹೊಸ ಸಂಗತಿ. ನಾಲ್ಕು ವರ್ಷದಿಂದ ಇದೇ ದಿನಚರಿ.

ಆಕೆ ಮೊದಲು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುತ್ತಿದ್ದವರು. ಗ್ರಂಥಾಲಯ ಮುಚ್ಚಿದಾಗ ನೀರಿನ ಕಚೇರಿಯ ಕಡತದ ಕೋಣೆಗೆ ಹಾಕಿದರು. ಅಲ್ಲಿ ಕೂತು ನೋಡಿದರೆ ಒಂದೇ ವಾಲ್ವಿಗೆ ಮೂರು ಹೆಸರು. ನಕ್ಷೆಯಲ್ಲೊಂದು ಸಂಖ್ಯೆ, ಉಗ್ರಾಣದ ಪುಸ್ತಕದಲ್ಲಿ ಇನ್ನೊಂದು, ಬೀದಿಯಲ್ಲಿ ಮತ್ತೊಂದು. "ಒಂದು ಪುಸ್ತಕ ಮೂರು ಕಪಾಟಲ್ಲಿದ್ರೆ ನನಗೆ ನಿದ್ದೆ ಬರ್ತಿರಲಿಲ್ಲ. ಇದು ನೀರಿನ ವಿಷಯ, ಹೇಗೆ ಸುಮ್ನಿರೋದು?" ಅನ್ನುತ್ತಾರೆ. ದರ್ಜಿಯಾದ ಗಂಡ ಹೊಲಿಗೆ ಯಂತ್ರದ ಮುಂದಿದ್ದರೆ ಪಕ್ಕದ ಸ್ಟೂಲಿನಲ್ಲಿ ಕೂತು, ನಿಘಂಟು ತಿರುವುತ್ತಾ, ಅಂತರ್ಜಾಲದ ಪಾಠಗಳನ್ನು ಕೇಳಿ ಇದನ್ನು ಸರಿಪಡಿಸುವ ವಿದ್ಯೆ ಕಲಿತರು.

ಕಲಿತದ್ದನ್ನು ಬಲ್ಲವರು ಸೆಮ್ಯಾಂಟಿಕ್ ವೆಬ್ ಅನ್ನುತ್ತಾರೆ. ಯಾಕಮ್ಮ ಹೇಳುವ ರೀತಿಯೇ ಬೇರೆ. "ಮದುವೆಮನೇಲಿ ಒಬ್ಬಳನ್ನ ಒಬ್ಬರು ಸೊಸೆ ಅಂತಾರೆ, ಒಬ್ಬರು ಅತ್ತಿಗೆ ಅಂತಾರೆ, ಇನ್ನೊಬ್ಬರು ಚಿಕ್ಕಮ್ಮ ಅಂತಾರೆ. ಹೆಂಗಸು ಒಬ್ಬಳೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಅವಳಿಗೊಂದು ಖಾಯಂ ವಿಳಾಸ ಕೊಟ್ಟು, ಯಾರಿಗೆ ಏನಾಗ್ಬೇಕು ಅಂತ ನಂಟು ಬರೆದಿಡ್ತೀನಿ. ಆಮೇಲೆ ಬರೆಯದ ನಂಟನ್ನೂ ಅದೇ ಹೇಳುತ್ತೆ. ಅಕ್ಕನ ಮಗಳು ನನ್ನ ಅಮ್ಮನಿಗೆ ಮೊಮ್ಮಗಳು ಅಂತ ಬೇರೆ ಹೇಳಿಕೊಡ್ಬೇಕಾ?"

ಕಂಪ್ಯೂಟರು ಕೇಳಿತು, ಮನುಷ್ಯರು ಕೇಳಲಿಲ್ಲ. ಮೇಲಿನವರು ಇದನ್ನು ಕೆಲಸವಿಲ್ಲದವರ ಕೆಲಸ ಎಂದು ಎರಡು ಸಲ ನಿಲ್ಲಿಸಿದರು; ಆಕೆ ಬಿಡದೆ ಮತ್ತೆ ಶುರು ಮಾಡಿದರು. ಅದಕ್ಕಿಂತ ಕಷ್ಟವಾದದ್ದು ದೊಡ್ಡಣ್ಣ. ಮೂವತ್ತೆಂಟು ವರ್ಷ ಸೇವೆಯಾದ, ಎಲ್ಲರಿಗಿಂತ ಹಿರಿಯ ವಾಲ್ವ್‌ಮನ್. "ನನ್ನ ತಲೇಲಿರೋದನ್ನೆಲ್ಲ ಅದಕ್ಕೆ ತುಂಬಿಬಿಟ್ರೆ ನಾಳೆ ನನ್ನನ್ನ ಯಾರು ಕೇಳ್ತಾರಮ್ಮಾ?" ಎಂದು ಒಂದು ವರ್ಷ ಬಾಯಿ ಬಿಡಲಿಲ್ಲ.

ಅವರ ಭಯ ಸುಳ್ಳಾಗಿರಲಿಲ್ಲ. ಯಾಕಮ್ಮ ವಾರಗಟ್ಟಲೆ ಯೋಚಿಸಿ, ಪ್ರತಿ ಸಂಗತಿಯ ಜೊತೆ ಇನ್ನೊಂದು ನಂಟು ಸೇರಿಸಿದರು: ಹೇಳಿದವರು ಯಾರು, ಯಾವತ್ತು. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಹೆಸರಿನೊಂದಿಗೆ ಇಟ್ಟು, ಗುಂಡಿಗೆ ಇಳಿದು ನೋಡಿಯೇ ತೀರ್ಮಾನ. ಅದನ್ನು ತೋರಿಸಿದ ದಿನ ದೊಡ್ಡಣ್ಣ ಅರೆಮನಸ್ಸಿನಿಂದ ಒಂದು ವಾಲ್ವಿನ ವಿಷಯ ಹೇಳಿದರು. ಬೇಕರಿ ಎದುರಿನದ್ದು. ಅದು ಎಲ್ಲದರಂತೆ ಬಲಕ್ಕೆ ತಿರುಗಿಸಿದರೆ ಮುಚ್ಚುವುದಿಲ್ಲ, ಎಡಕ್ಕೆ ತಿರುಗಿಸಬೇಕು.

ಮೂರು ವಾರದ ನಂತರ, ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆ ರಸ್ತೆಯ ದೊಡ್ಡ ಪೈಪು ಒಡೆಯಿತು. ಅಂಗಡಿಗಳಿಗೆ ನೀರು ನುಗ್ಗಿತು. ಪೈಪು ಮುಚ್ಚಬೇಕು, ಆಸ್ಪತ್ರೆಗೆ ನೀರು ನಿಲ್ಲಬಾರದು. ಒಳಗೆ ಮೂತ್ರಪಿಂಡದ ರೋಗಿಗಳ ರಕ್ತ ಶುದ್ಧಿ ಮಾಡುವ ಯಂತ್ರಗಳು ಓಡುತ್ತಿದ್ದವು. ನಕ್ಷೆ ನೂರಾ ಹದಿನೇಳನೇ ವಾಲ್ವು ಎಂದಿತು. ಹಳೆಯ ನಕ್ಷೆಯ ಆ ಸಂಖ್ಯೆ ಬೀದಿಯ ಯಾವ ವಾಲ್ವು ಎಂದು ಅಲ್ಲಿದ್ದ ಯಾರಿಗೂ ತಿಳಿಯದು. ತಿಳಿದಿದ್ದ ದೊಡ್ಡಣ್ಣ ಅದೇ ಆಸ್ಪತ್ರೆಯಲ್ಲಿ, ಗಂಟಲಿನ ಶಸ್ತ್ರಚಿಕಿತ್ಸೆಯಾಗಿ, ಮಾತಿಲ್ಲದೆ ಮಲಗಿದ್ದರು.

ಕಿರಿಯ ಎಂಜಿನಿಯರ್ ಯಾಕಮ್ಮನಿಗೆ ಫೋನ್ ಮಾಡಿದರು. ಆಕೆ ಕಂಪ್ಯೂಟರನ್ನು ಕೇಳಿದರು. ನೂರಾ ಹದಿನೇಳು ಅಂದರೆ ಬೇಕರಿ ವಾಲ್ವೇ; ಅದನ್ನು ಮುಚ್ಚುವ ಮೊದಲು ಅಂಚೆಕಚೇರಿ ಹಿಂದಿನದನ್ನು ತೆರೆದರೆ ಆಸ್ಪತ್ರೆಗೆ ಇನ್ನೊಂದು ದಿಕ್ಕಿನಿಂದ ನೀರು ಬರುತ್ತದೆ ಎಂದು ಬಂದ ಉತ್ತರವನ್ನು ಫೋನಿನಲ್ಲೇ ಓದಿ ಹೇಳಿದರು. ಸಂಖ್ಯೆ ನಕ್ಷೆಯದ್ದು, ಅಂಚೆಕಚೇರಿಯ ಸಂಗತಿ ಮೊದಲೇ ನಿವೃತ್ತರಾದ ಒಬ್ಬರದ್ದು, ಎಡಕ್ಕೆ ತಿರುಗಿಸಿ ಎಂಬ ಎಚ್ಚರಿಕೆ ದೊಡ್ಡಣ್ಣನದ್ದು. ಆ ಉತ್ತರವನ್ನು ಇಡಿಯಾಗಿ ಯಾರೂ ಹೇಳಿರಲಿಲ್ಲ.

"ನಂಟು ಎಲ್ಲಾದ್ರೂ ತಪ್ಪಿದ್ರೆ ಅಂತ ಕೂರೋಕಾಗದೆ ಬೇಕರಿ ಹತ್ರಕ್ಕೆ ಓಡಿದೆ," ಎಂದು ನೆನೆಯುತ್ತಾರೆ. ಅಂಚೆಕಚೇರಿ ಹಿಂದಿನದನ್ನು ತೆರೆದಾಗಿತ್ತು. ಬೇಕರಿ ಎದುರಿನ ಗುಂಡಿಯಲ್ಲಿದ್ದವನು ಅಭ್ಯಾಸಬಲದಿಂದ ಬಲಕ್ಕೆ ಒತ್ತಲು ಹೊರಟಿದ್ದ. ಒತ್ತಿದ್ದರೆ ತುಕ್ಕು ಹಿಡಿದ ತಿರುಪು ಮುರಿಯುತ್ತಿತ್ತು. "ಎಡಕ್ಕೆ! ಎಡಕ್ಕೆ!" ಎಂದು ಆಕೆ ಕೂಗಿದ್ದು ಇಡೀ ಬೀದಿಗೆ ಕೇಳಿಸಿತಂತೆ. ಇಪ್ಪತ್ತೆರಡನೇ ಸುತ್ತಿಗೆ ನೀರಿನ ಅಬ್ಬರ ಇಳಿಯಿತು. ಆಸ್ಪತ್ರೆಯ ನಲ್ಲಿಗಳು ಒಂದು ಗಳಿಗೆಯೂ ನಿಲ್ಲಲಿಲ್ಲ.

ಸಂಜೆ ಒದ್ದೆ ಸೀರೆಯಲ್ಲೇ ದೊಡ್ಡಣ್ಣನ ಮಂಚದ ಬಳಿ ಹೋದರು. ಸುದ್ದಿ ಆಗಲೇ ಕೇಳಿದ್ದ ಅವರು ಚೀಟಿಯಲ್ಲಿ ಬರೆದ ಮೊದಲ ಸಾಲು: "ಎಡಕ್ಕೇ ತಿರುಗಿಸಿದ್ರಿ ತಾನೆ?" ಆಕೆ ಫೋನಿನಲ್ಲಿ ಆ ಉತ್ತರವನ್ನೂ ಅದರ ಕೆಳಗಿದ್ದ ಅವರ ಹೆಸರನ್ನೂ ತೋರಿಸಿದರು. ದೊಡ್ಡಣ್ಣ ಮತ್ತೆ ಚೀಟಿ ಎಳೆದುಕೊಂಡು ಬರೆದರು: "ಇನ್ನೂ ಬೇಕಾದಷ್ಟಿದೆ. ನಾಳೆ ದಪ್ಪನೆಯ ನೋಟ್‌ಬುಕ್ ತನ್ನಿ."

ಗುಣವಾಗಿ, ನಿವೃತ್ತರಾದ ಮೇಲೂ ದೊಡ್ಡಣ್ಣನಿಗೆ ವಾರಕ್ಕೆರಡು ಸಲ ಕಚೇರಿಯಿಂದ ಕರೆ ಹೋಗುತ್ತದೆ. ಉತ್ತರದಲ್ಲಿ ಹೆಸರು ಕಂಡ ಹೊಸ ಹುಡುಗಿಯರು, ಹುಡುಗರು ನೇರವಾಗಿ ಅವರನ್ನೇ ಕೇಳುತ್ತಾರೆ. ಯಾಕಮ್ಮ ತಾವು ಕಟ್ಟಿದ ನಂಟಿನ ಚೌಕಟ್ಟನ್ನು ಯಾರು ಬೇಕಾದರೂ ಬಳಸಲಿ ಎಂದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಪಕ್ಕದ ಎರಡು ಊರುಗಳು ತಮ್ಮ ವಾಲ್ವುಗಳನ್ನು ಅದಕ್ಕೆ ಜೋಡಿಸುತ್ತಿವೆ. ಹುದ್ದೆ ಮಾತ್ರ ಇಂದಿಗೂ ಗುಮಾಸ್ತೆಯದ್ದೇ.

ಬಡ್ತಿಯ ಮಾತೆತ್ತಿದರೆ ಕೈ ಬೀಸಿ ಬಿಡುತ್ತಾರೆ. ಅವರ ಮನಸ್ಸೆಲ್ಲ ಈಗ ಒಳಚರಂಡಿಯ ಕೆಲಸಗಾರರ ಕಡೆಗಿದೆ. "ಯಾವ ಗುಂಡೀಲಿ ವಿಷಗಾಳಿ ಕಟ್ಟಿಕೊಳ್ಳುತ್ತೆ ಅಂತ ಅವರಿಗೆ ಗೊತ್ತು. ಅದನ್ನ ಬರೆದಿಟ್ಟಿದ್ರೆ ಎಷ್ಟು ಜೀವ ಉಳೀತಿತ್ತೋ. ಮೊನ್ನೆ ಒಬ್ಬರ ಮುಂದೆ ಪುಸ್ತಕ ಹಿಡಿದು ಕೂತೆ. 'ನಮ್ಮನ್ನೂ ಕೇಳ್ತೀರಾ?' ಅಂದ್ರು. ಆಮೇಲೆ ಅವರೇ ಚಹಾ ತರಿಸಿ, ಮೂರು ಗಂಟೆ ಹೇಳಿದ್ರು."