ಸಾವ್ಕಾರರ ಮುಷ್ಟಿಯ ಬನ್ನಿ

ಈ ಸಲ ದಸರೆಗೆ ಉಡಬೇಕೆಂದು ಹಬ್ಬದ ಮುಂಜಾನೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಕೊಡವಿದೆ. ಮಡಿಕೆಯೊಳಗಿಂದ ಒಂದು ಬನ್ನಿ ಎಸಳು ಕೆಳಗೆ ಬಿತ್ತು. ಹೋದ ವರ್ಷದ್ದು ಸೆರಗಿಗೆ ಸಿಕ್ಕಿಕೊಂಡು ಉಳಿದಿರಬೇಕು ಎಂದು ಎತ್ತಿಕೊಂಡರೆ ಎಸಳು ಹಸಿರಾಗಿತ್ತು, ಮುರಿದ ತುದಿ ಇನ್ನೂ ಹಸಿ. ಡಾಂಬರ ಗುಳಿಗೆಯ ವಾಸನೆಯ ನಡುವೆ ಆ ಎಲೆಯ ಒಗರು ವಾಸನೆ... ಪೇಪರಿನಿಂದ ತಲೆ ಎತ್ತದೆ ನಮ್ಮ ಮನೆಯವರು, "ಕಿಟಕ್ಯಾಗಿಂದ ಹಾರಿ ಬಂದಿರಬೇಕು, ಬಿಡು" ಅಂದರು. ಮುಚ್ಚಿದ ಟ್ರಂಕಿನೊಳಕ್ಕೆ ಹಾರುವ ಎಲೆಯನ್ನು ಅವರೊಬ್ಬರೇ ಕಂಡವರು. ಸವಣೂರಿನ ನಮ್ಮ ತವರಿನ ಎದುರು ಮನೆಯ ಸಾವ್ಕಾರರು ನೆನಪಾದರು. ಎಸಳನ್ನು ದೇವರ ಮುಂದೆ ಇಟ್ಟು ಬಂದೆ.

ಸಾವ್ಕಾರರಿಗೆ ಊರ ಹೊರಗೆ ವೀಳ್ಯದೆಲೆ ತೋಟಗಳಿದ್ದವು, ಪೇಟೆಯಲ್ಲಿ ಮಳಿಗೆಗಳಿದ್ದವು. ಮನೆಯಲ್ಲಿ ಬಂಗಾರ ಎಷ್ಟಿತ್ತೋ ಶಿವನಿಗೇ ಗೊತ್ತು. ಹಬ್ಬ ಮಾತ್ರ ಇರಲಿಲ್ಲ. ಹೋಳಿಗೆಯ ವಾಸನೆ ಆ ಮನೆಯಿಂದ ಒಮ್ಮೆಯೂ ಬಂದದ್ದು ನನಗೆ ನೆನಪಿಲ್ಲ. ದಸರೆಯ ಸಂಜೆ ಓಣಿಗೆ ಓಣಿಯೇ ಬಂಗಾರ ಎನ್ನುತ್ತ ಬನ್ನಿ ಹಿಡಿದು ಮನೆ ಮನೆ ತಿರುಗುತ್ತಿತ್ತು. ಕಿರಿಯರು ಕೈಗೆ ಬನ್ನಿ ಇಟ್ಟು ಕಾಲು ಮುಟ್ಟಬೇಕು, ಹಿರಿಯರು ತಿರುಗಿ ಬನ್ನಿ ಕೊಟ್ಟು ಹರಸಬೇಕು. ಅಪ್ಪ ಸೇವು-ಚೂಡಾದ ಖಾರ ಮಾರುವ ಅಂಗಡಿಯವನು. ಅವನ ಮುಸಲ್ಮಾನ ಗೆಳೆಯರೂ ಅಂದು ಬಂದು, ಬನ್ನಿ ಕೊಟ್ಟು ಅಪ್ಪಿಕೊಂಡು, ಒಂದು ಹಿಡಿ ಖಾರ ತಿಂದೇ ಹೋಗುತ್ತಿದ್ದರು. ಎದುರಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಒಮ್ಮೆ ಅಪ್ಪ ಕೊಡಲು ಹೋದಾಗ ಸಾವ್ಕಾರರು, "ಬಂಗಾರ ಇಲ್ಲದವ್ರು ಎಲೀಗೆ ಬಂಗಾರ ಅಂತಾರ. ನನಗ್ಯಾಕ ಅದು?" ಅಂದಿದ್ದರಂತೆ. ಅಪ್ಪ ಅದನ್ನು ಹೇಳಿಕೊಂಡು ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಸಾವ್ಕಾರರ ಹೆಂಡತಿ ಪ್ರತಿ ವರ್ಷ ಹಿತ್ತಲ ಬಾಗಿಲಿನಿಂದ ಕದ್ದು ಬಂದು ಅವ್ವನಿಗೆ ಬನ್ನಿ ಕೊಟ್ಟು ಹೋಗುತ್ತಿದ್ದರು. ಆ ತಾಯಿ ತೀರಿದ ಮೇಲೆ ಅದೂ ನಿಂತಿತು.

ಆ ತಾಯಿ ತೀರಿ ಎರಡು ವರ್ಷವಾಗಿತ್ತು. ನಾನು ಶಾಲೆಯಲ್ಲಿ ಐದನೆಯ ಇಯತ್ತೆ. ದಸರೆಯ ದಿನ ದೀಪ ಹಚ್ಚುವ ಹೊತ್ತಿಗೆ ಅವ್ವ ನನ್ನ ಕೈಗೆ ಬನ್ನಿ ಕೊಟ್ಟು, "ಎದುರು ಮನೀಗೆ ಹೋಗು. ಕೈಯಾಗ ಕೊಟ್ಟು, ಕೈಯಾಗ ತಗೊಂಡು ಬಾ" ಅಂದಳು. ನಾನು ಚಿಲಕ ಬಡಿದೆ. ಬಾಗಿಲು ತೆರೆಯಲಿಕ್ಕಿಲ್ಲ ಎಂಬ ಧೈರ್ಯದಲ್ಲೇ ಬಡಿದಿದ್ದೆ. ತೆರೆಯಿತು.

ನಾನು ಚಾಚಿದ ಬನ್ನಿಯನ್ನು ಸಾವ್ಕಾರರು ಬಹಳ ಹೊತ್ತು ನೋಡಿದರು. ಬೈದಾರು ಎಂದುಕೊಂಡೆ. ಅವರು ಅಂಗೈ ಒಡ್ಡಿದರು, ತಗೊಂಡರು. "ತಡೀವಾ" ಅಂದರು, "ನಾನೂ ಕೊಡಬೇಕಲಾ. ನಿಂದ ನಿನಗ ಕೊಟ್ರ ಕೊಟ್ಟಂಗ ಆಕ್ಕೇತೇನು?" ಎನ್ನುತ್ತ ಒಳಗೆ ಹೋದರು.

ಒಳಗೆ ದೀಪ ಇರಲಿಲ್ಲ. ಒಂದು ಪೆಟ್ಟಿಗೆ ತೆರೆದ ಸದ್ದು, ಮುಚ್ಚಿದ ಸದ್ದು. ಇನ್ನೊಂದು. ಮತ್ತೊಂದು... ನಡುವೆ ಸಾವ್ಕಾರರ ದನಿ, ಮೆತ್ತಗೆ, ಎದುರಿಗೆ ಕೂತವರನ್ನು ಕೇಳಿದ ಹಾಗೆ: "ಎಲ್ಲಿಟ್ಟೀ? ಬನ್ನಿ ಎಲ್ಲಿಟ್ಟೀ?" ಆ ಮನೆಯಲ್ಲಿ ಎರಡನೆಯವರು ಇರಲಿಲ್ಲ. ಆದರೂ, ಸುಳ್ಳು ಹೇಳುವುದಿಲ್ಲ, ಕತ್ತಲೊಳಗಿಂದ ಬಳೆಗಳ ಸದ್ದು ಬಂತು. ತೀರಿದ ಹೆಂಡತಿಯ ಬಂಗಾರದ ಬಳೆಗಳು ಯಾವುದೋ ಪೆಟ್ಟಿಗೆಯಲ್ಲಿ ಅಲುಗಿರಬೇಕು ಎಂದು ಈಗ ಹೇಳಿಕೊಳ್ಳಬಲ್ಲೆ. ಆಗ ಹೇಳಿಕೊಳ್ಳಲು ಕಾಲು ನಿಲ್ಲಲಿಲ್ಲ, ಓಡಿಬಿಟ್ಟೆ.

ಮರುದಿನ ಸಾವ್ಕಾರರು ಊರ ಹೊರಗಿನ ಬನ್ನಿ ಗಿಡದ ಕೆಳಗೆ ನಿಂತಿದ್ದರಂತೆ. ಜನ ಕೈಗೆ ಎಟುಕುವ ಟೊಂಗೆಗಳನ್ನೆಲ್ಲ ಹಿಂದಿನ ದಿನವೇ ಬೋಳಿಸಿದ್ದರು. ಮುದುಕ ಸಾವ್ಕಾರರು ಬಡಿಗೆಯಿಂದ ಮೇಲಿನ ಟೊಂಗೆ ಎಳೆದು, ಮುಂಗೈಯೆಲ್ಲ ಗೀರಿಸಿಕೊಂಡು ಬಂದರೆಂದು ಶಾಲೆಯಲ್ಲಿ ಹುಡುಗಿಯರು ನಕ್ಕರು. ಹಬ್ಬ ಮುಗಿದ ಮೇಲೆ ಹರಿದದ್ದು ಬರೀ ಸೊಪ್ಪು ಎಂದರು. ನಾನೂ ನಕ್ಕೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅಂದಿನಿಂದ ದಿನಾ ಸಂಜೆ ಅವರು ಹೊಸ್ತಿಲಲ್ಲಿ ನಿಲ್ಲತೊಡಗಿದರು. ಬಲಗೈ ಮುಷ್ಟಿ ಕಟ್ಟಿರುತ್ತಿತ್ತು. ನಾನು ಕಂಡರೆ ಮುಷ್ಟಿ ಮುಂದೆ ಚಾಚಿ, "ನಿಂದು ನನ್ನ ಕಡೆ ಉಳದೈತಿ, ತಗೊಂಡು ಹೋಗವಾ" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆ. ಅವರ ಬೆನ್ನ ಹಿಂದಿನ ಕತ್ತಲಲ್ಲಿ ಇನ್ನೊಬ್ಬರು ನಿಂತು ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ನಾನು ಹಿತ್ತಲ ದಾರಿ ಹಿಡಿದೆ.

ಅವ್ವನಿಗೆ ತಿಳಿಯಿತು. "ಒಂದ ಸಲ ಹೋಗಿ ಕೈ ಒಡ್ಡು" ಅಂದಳು. "ಜಲ್ಮದಾಗ ಮೊದಲನೇ ಸಲ ಕೊಡಾಕ ನಿಂತಾರ ಅವರು."

ಅವ್ವ ಒಲೆಯ ಮುಂದಿದ್ದಳು. ನಾನು ಓಣಿಯ ತಿರುವಿನವರೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. "ತಗೊಂಡ್ನಿ" ಅಂದೆ. ಅವ್ವ ನನ್ನ ತಲೆ ಸವರಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು.

ದೀಪಾವಳಿಗೆ ಮೊದಲೇ ಸಾವ್ಕಾರರು ತೀರಿಕೊಂಡರು. ಹಿರೇಕೆರೂರಿನಿಂದ ಅವರ ಅಣ್ಣನ ಮಕ್ಕಳು ಬಂದರು. ಅಪ್ಪ ಅಂಗಡಿ ಮುಚ್ಚಿ ಸಾವಿನ ಮನೆಗೆ ಹೋಗಿದ್ದವನು ಬಂದು ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂತು ಹೇಳಿದ. ಮೈ ತೊಳೆಯುವಾಗ ಬಲಗೈ ಮುಷ್ಟಿ ಬಿಚ್ಚಲಿಲ್ಲವಂತೆ. ತಿಜೋರಿಯ ಕೀಲಿ ಇರಬೇಕೆಂದು ಆ ಹುಡುಗರು ಒಂದೊಂದೇ ಬೆರಳು ಎಳೆದರಂತೆ. ಒಳಗೆ ಕಪ್ಪಾಗಿ ಒಣಗಿದ ಬನ್ನಿ ಎಸಳು, ಅಂಗೈ ನಡುವೆ ಅದರ ಮುಳ್ಳು. "ಥೂ, ಇಷ್ಟೇನಾ" ಎಂದು ಬಚ್ಚಲಿಗೆ ಎಸೆದರಂತೆ.

ಅವ್ವ ನನ್ನ ಕಡೆ ತಿರುಗಿ ನೋಡಿದಳು. ಬೈಯಲಿಲ್ಲ. ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಮುಂದಿನ ದಸರೆಯಿಂದ ನಾನು ಎಲ್ಲಿದ್ದರೂ ಹಬ್ಬದ ಮುಂಜಾನೆ ಎಲ್ಲಾದರೂ ಒಂದು ಹಸಿ ಎಸಳು ಸಿಗುತ್ತದೆ. ಹೊಸ್ತಿಲ ಹೊರಗೆ, ತುಳಸಿ ಕಟ್ಟೆಯ ಮೇಲೆ. ಯಾವುದೋ ಮಗು ಬೀಳಿಸಿರಬೇಕು ಎಂದು ಗುಡಿಸಿ ಹಾಕುತ್ತ ಬಂದೆ. ಈ ವರ್ಷ ಟ್ರಂಕಿನೊಳಗೇ ಬಂತು. ಇನ್ನು ಗುಡಿಸುವುದೆಲ್ಲಿಗೆ...

ಸಂಜೆ ಬನ್ನಿ ಕೊಡುವವರೆಲ್ಲ ಬಂದು ಹೋದ ಮೇಲೆ ಬಾಗಿಲಲ್ಲಿ ನಿಂತೆ. ಬೀದಿ ಖಾಲಿಯಾಗಿತ್ತು. ಅಂಗೈ ಚಾಚಿ ಮೆತ್ತಗೆ, "ಕೊಡ್ರಿ ಸಾವ್ಕಾರ್ರ, ಬಂದೇನಿ" ಅಂದೆ. ಕೈ ಸೋಲುವವರೆಗೆ ಹಿಡಿದೆ. ಏನೂ ಬೀಳಲಿಲ್ಲ. ಅಂಗೈ ನಡುವೆ ಸಣ್ಣ ಮುಳ್ಳು ತಾಗಿದಂತೆ ಚುರ್ ಎಂದಿತು, ಅಷ್ಟೆ. "ಯಾರ ಬಂದಾರ?" ಎಂದು ಒಳಗಿನಿಂದ ಇವರು ಕೇಳಿದರು.

ಒಳಗೆ ಬಂದು ನೋಡಿದರೆ, ಮುಂಜಾನೆ ದೇವರ ಮುಂದೆ ಇಟ್ಟ ಹಸಿ ಎಸಳು ಕಪ್ಪಾಗಿ ಒಣಗಿತ್ತು. ಮುಟ್ಟಿದರೆ ಪುಡಿಯಾಯಿತು. ಪುಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅಲ್ಲೇ ಕೂತು ಅತ್ತೆ. "ತಗೊಂಡ್ನಿ" ಎಂದು ಈಗ ಖರೇನೇ ಹೇಳಬಹುದು. ಕೇಳಲು ಅವ್ವ ಇಲ್ಲ.