ಕಬಡ್ಡಿ ಅಂಗಳಕ್ಕೆ ಬುತ್ತಿ ಬಂದದ್ದು

ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಾಂತಲಾ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿಟಿ ಮಿಸ್. ಮನೆ ತುಮಕೂರಿನ ಮರಳೂರಿನಲ್ಲಿ. ಬೆಳಿಗ್ಗೆ ಗಂಡ ಕೃಷ್ಣಕುಮಾರ್ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆಂದು ಒಂದು ದಿಕ್ಕಿಗೆ ಹೊರಟರೆ, ಶಾಂತಲಾ ಕುಣಿಗಲ್ ಬಸ್ಸು ಹಿಡಿದು ಇನ್ನೊಂದು ದಿಕ್ಕಿಗೆ ಹೊರಡುತ್ತಾರೆ.

ಅವರು ಹುಟ್ಟಿ ಬೆಳೆದದ್ದು ನಿಟ್ಟೂರಿನಲ್ಲಿ. ಓಡುವುದೆಂದರೆ ಚಿಕ್ಕಂದಿನಿಂದಲೂ ಪ್ರಾಣ. ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ಓಡುತ್ತಾಳಲ್ಲ ಎಂದು ಯಾರಾದರೂ ರಾಗ ಎಳೆದರೆ ತಂದೆ ಚಿಕ್ಕಹನುಮಯ್ಯ, "ಓಡ್ಲಿ ಬುಡ್ರಪ್ಪ, ಕಾಲಿರೋದು ಓಡಕ್ಕೇ ಅಲ್ವಾ" ಎಂದು ಎಲೆಯಡಿಕೆ ಮೆಲ್ಲುತ್ತಾ ತಮ್ಮ ತೋಟದ ಕಡೆ ನಡೆದುಬಿಡುತ್ತಿದ್ದರು. ಆ ಒಂದು ಮಾತಿನ ಬಲದಲ್ಲೇ ಶಾಂತಲಾ ಓಡಿ, ಓದಿ, ಕೆಲಸ ಹಿಡಿದರು.

ಈ ಶಾಲೆಗೆ ಬಂದಾಗ ಹಿಂಭಾಗದಲ್ಲಿ ಕಲ್ಲು, ಕಳ್ಳಿ ತುಂಬಿದ ಜಾಗ ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗಿಯರನ್ನು ಕಟ್ಟಿಕೊಂಡು, ತಾವೇ ಗುದ್ದಲಿ ಹಿಡಿದು, ಕೆರೆಯ ಮಣ್ಣು ಹಾಕಿಸಿ ಅಂಗಳ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಊರಿನ ಹೆಣ್ಣುಮಕ್ಕಳ ಕಬಡ್ಡಿ ತಂಡವೆಂದರೆ ತಾಲ್ಲೂಕಿಗೇ ಗೊತ್ತಿರುವ ಹೆಸರಾಯಿತು.

ಹತ್ತನೇ ತರಗತಿಯ ತನುಶ್ರೀ ಆ ತಂಡದ ಜೀವ. ರೈಡಿಗೆ ಹೋದಳೆಂದರೆ ಗಾಳಿ ಹೋಗಿ ಬಂದಂತೆ. ಎದುರಾಳಿಗಳು ಕೈ ಚಾಚುವಷ್ಟರಲ್ಲಿ ಮುಟ್ಟಿ ವಾಪಸಾಗಿರುತ್ತಿದ್ದಳು. ಆಟ ಎಷ್ಟು ಚುರುಕೋ ಸ್ವಭಾವ ಅಷ್ಟೇ ಮೃದು. ಬಿದ್ದವರನ್ನು ಎತ್ತಿ, ಮೈಮೇಲಿನ ಮಣ್ಣು ಒರೆಸಿ ನಗುವ ಹುಡುಗಿ. ಆ ವರ್ಷ ಗುಬ್ಬಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯಾವಳಿ ಇತ್ತು. ತನುಶ್ರೀ ಇದ್ದರೆ ಗೆದ್ದು ರಾಜ್ಯ ಮಟ್ಟಕ್ಕೆ ಹೋಗುವುದು ಖಂಡಿತ ಎಂದು ಶಾಂತಲಾ ಒಳಗೊಳಗೇ ಲೆಕ್ಕ ಹಾಕಿದ್ದರು. ಅದಕ್ಕೆ ಇದ್ದದ್ದು ಒಂದೇ ತೊಡಕು, ತೂಕದ ಮಿತಿ; ಅದನ್ನು ಮೀರಿದವರು ಆಡುವಂತಿಲ್ಲ. ತನುಶ್ರೀಯ ತೂಕ ಆ ಗೆರೆಯ ಅಂಚಿನಲ್ಲೇ ತೂಗಾಡುತ್ತಿತ್ತು.

ಒಂದು ಸಂಜೆ ಅಭ್ಯಾಸ ನಡೆದಿತ್ತು. ಪೂಜಾ ಎಂಬ ಹುಡುಗಿ ತನುಶ್ರೀಯ ಕಾಲು ಹಿಡಿದು ಕೆಡವಿದಳು. ಆಟದಲ್ಲಿ ಅದು ದಿನವೂ ಆಗುವುದೇ. ಆದರೆ ಎದ್ದ ತನುಶ್ರೀ ಪೂಜಾಳ ಕೆನ್ನೆಗೆ ಛಟೀರೆಂದು ಬಾರಿಸಿದಳು.

ಹೊಡೆದವಳೇ ಎಲ್ಲರಿಗಿಂತ ಹೆಚ್ಚು ಬೆಚ್ಚಿ ನಿಂತಿದ್ದಳು. ಶಾಂತಲಾ ಬೈಯಲೆಂದೇ ದಾಪುಗಾಲು ಹಾಕಿದವರು ಹತ್ತಿರ ಹೋಗಿ ನೋಡಿದರೆ, ಹುಡುಗಿಯ ಕೈ ಗಡಗಡ ನಡುಗುತ್ತಿದೆ, ಹಣೆಯ ಮೇಲೆ ತಣ್ಣನೆ ಬೆವರು. ಬೈಗುಳ ಬಾಯಲ್ಲೇ ಉಳಿಯಿತು. ಹೊಂಗೆ ಮರದ ಕೆಳಗೆ ಕರೆದೊಯ್ದು ಕೂರಿಸಿದರು.

"ಏನೇ ತಿಂದೆ ಇವತ್ತು?"

"ತಿಂದಿದೀನಿ ಮಿಸ್."

"ತಿಂದ್ಯಾ ಅಂತ ಕೇಳ್ಲಿಲ್ಲ. ಏನ್ ತಿಂದೆ ಅಂದೆ."

ತನುಶ್ರೀ ನೆಲ ನೋಡಿದಳು. ಬೆಳಿಗ್ಗೆ ಟೀ, ಬಿಸ್ಕತ್ತು. ಆಟಕ್ಕೆ ಮುಂಚೆ ನೀರಿಗೆ ಗ್ಲೂಕೋಸ್ ಪುಡಿ. ಬಿಸಿಯೂಟದಲ್ಲಿ ಒಂದೆರಡು ತುತ್ತು ಅನ್ನ. ಮೊಟ್ಟೆ ಪಕ್ಕದವಳ ತಟ್ಟೆಗೆ. ಎಣ್ಣೆ, ತುಪ್ಪ, ಕಾಯಿ ಬಿಟ್ಟರೆ ತೂಕ ಇಳಿಯುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿ, ಮಳೆಗಾಲದ ಮೊದಲಿನಿಂದಲೇ ಹಾಗೆ ನಡೆಸಿಕೊಂಡು ಬಂದಿದ್ದಳು. ಎಲ್ಲ ಹೇಳಿ ಮುಗಿಸಿ ದನಿ ತಗ್ಗಿಸಿದಳು.

"ಮಿಸ್, ಇನ್ನೊಂದ್ ವಿಷ್ಯ. ನಾನು ಹೊರಗಾಗಿ ಸುಮಾರ್ ತಿಂಗ್ಳಾಯ್ತು. ಒಳ್ಳೇದೇ ಅಲ್ವಾ ಮಿಸ್? ಆಟಕ್ಕೆ ತೊಂದ್ರೆನೇ ಇಲ್ಲ."

ಆಡುವ ಹುಡುಗಿಯರಿಗೆ ಹೀಗಾಗುವುದು ಸಹಜ ಎಂಬ ಮಾತನ್ನು ತಾವು ಓಡುತ್ತಿದ್ದ ಕಾಲದಿಂದಲೂ ಶಾಂತಲಾ ಕೇಳಿದ್ದರು. ಯಾಕೋ ಆ ಮಾತಿನಲ್ಲಿ ಅವರಿಗೆ ಎಂದೂ ನಂಬಿಕೆ ಹುಟ್ಟಿರಲಿಲ್ಲ.

ಅಂದೇ ಅವಳ ಜೊತೆ ಅವಳ ಮನೆಗೆ ನಡೆದರು. ತಾಯಿ ಓಬಳಮ್ಮ ಹೊಲದಿಂದ ಆಗತಾನೇ ಬಂದು ಕೈಕಾಲು ತೊಳೆಯುತ್ತಿದ್ದರು. ಮೇಡಂ ಬಂದದ್ದು ಕಂಡು ಗಾಬರಿಯಿಂದ ಚಾಪೆ ಹಾಸಿದರು. ವಿಷಯ ಕೇಳಿದ್ದೇ ತಡ, ಅಷ್ಟು ದಿನ ಕಟ್ಟಿಟ್ಟ ಸಂಕಟವೆಲ್ಲ ಹೊರಬಂತು.

"ಏನ್ ಮಾಡಾನ ಹೇಳಿ ಮೇಡಮ್ಮೋರೆ. ಸಾರಿಗೆ ಕಾಯಿ ರುಬ್ಬಾಕಿದ್ರೆ ಮುಟ್ಟಲ್ಲ. ಒಗ್ಗರಣೆ ಕಂಡ್ರೆ ಎದ್ದೋಯ್ತಾಳೆ. ಮುದ್ದೆ ನಿಂಬೆಕಾಯಷ್ಟು. ಮನೆಮುಂದೆ ತೆಂಗಿನ ಮರ ಮಡಿಕ್ಕಂಡು ಮಗ್ಳು ಹಿಂಗ್ ಸೊರಗೋದ ನೋಡ್ಬೇಕಾ? ಇವ್ಳು ದೊಡ್ಡೋಳಾದಾಗ ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ಎಲ್ಲಾ ಕೊಟ್ಟಿದ್ದೆ. ಡಬ್ಬ ಬಾಚ್ಕಂಡ್ ತಿಂದೋಳು ಇವ್ಳೇನೇ!"

"ಅಮ್ಮಾ, ಸುಮ್ನಿರು" ಎಂದು ತನುಶ್ರೀ ಮುಖ ಮುಚ್ಚಿಕೊಂಡಳು.

ಮುಂದಿನ ಶನಿವಾರ ತಾಯಿ ಮಗಳಿಬ್ಬರನ್ನೂ ಶಾಂತಲಾ ತುಮಕೂರಿಗೆ ಕರೆಸಿಕೊಂಡು, ತಮಗೆ ಪರಿಚಯವಿದ್ದ ಡಾಕ್ಟರ್ ಮಾಲಿನಿಯವರ ಹತ್ತಿರ ಕರೆದೊಯ್ದರು. ಮಾಲಿನಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ, ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು.

"ನೋಡಮ್ಮ, ಮುಟ್ಟು ಬರಬೇಕಾದ್ರೆ ಹಾರ್ಮೋನ್ ಬೇಕು. ಅದನ್ನ ದೇಹ ಕಟ್ಟೋದೇ ಕೊಬ್ಬಿನ ಅಂಶದಿಂದ. ನೀನು ಅದನ್ನೂ ಬಿಟ್ಟೆ, ಊಟಾನೂ ಅರ್ಧ ಮಾಡ್ದೆ, ದಿನಾ ಆಡೋದು ಮಾತ್ರ ಬಿಡ್ಲಿಲ್ಲ. ಈ ಮಗೀಗೆ ಬದುಕೋಕೇ ಸಾಲ್ತಿಲ್ಲ ಅಂತ ಮಿದುಳು ಮೊದಲು ಮುಟ್ಟನ್ನ ನಿಲ್ಲಿಸ್ಬಿಡ್ತು. ಇದು ಹಿಂಗೇ ಇದ್ರೆ ಮೂಳೇನೂ ಟೊಳ್ಳಾಗುತ್ತೆ."

"ಗ್ಲೂಕೋಸ್ ಕುಡೀತಿದ್ನಲ್ಲ ಡಾಕ್ಟ್ರೇ, ಶಕ್ತಿ ಬರಲಿ ಅಂತ."

"ಬರೀ ಹೊಟ್ಟೇಲಿ ಬರೀ ಸಿಹಿ ಹೋದ್ರೆ ರಕ್ತದಲ್ಲಿ ಸಕ್ಕರೆ ಸರ್‍ರಂತ ಏರುತ್ತೆ. ಇಳಿಸೋಕೆ ಇನ್ಸುಲಿನ್ ಬರುತ್ತೆ. ಕೆಲವರಿಗೆ ಸಕ್ಕರೆ ತೀರಾ ಇಳಿದೋಗುತ್ತೆ. ಆಗ ದೇಹ ಹೆದರಿ ಅಡ್ರಿನಾಲಿನ್ ಬಿಡುತ್ತೆ. ಕೈ ನಡುಕ, ಬೆವರು, ಸಿಟ್ಟು ಎಲ್ಲಾ ಅದ್ರದ್ದೇ. ಹಸಿವು ದಿನಾ ಹಿಂಗೇ ಇದ್ರೆ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನೂ ಏರ್ಕೊಂಡು ಕೂರುತ್ತೆ. ಇನ್ನು ಮೊಟ್ಟೆ, ಕಾಳು, ಹಾಲಿಂದ ಅಮೈನೋ ಆಮ್ಲಗಳು ಸಿಗ್ತವೆ. ಅದರಲ್ಲೊಂದು ಟ್ರಿಪ್ಟೊಫ್ಯಾನ್. ಮನಸ್ಸು ತಣ್ಣಗಿರೋಕೆ ಬೇಕಾದ ಸೆರೊಟೊನಿನ್ ತಯಾರಾಗೋದು ಅದರಿಂದ. ನೀನು ಅದನ್ನ ದಿನಾ ಪಕ್ಕದೋಳ ತಟ್ಟೆಗೆ ಹಾಕಿದೀಯ."

ತನುಶ್ರೀ ಕೇಳಿದಳು: "ಹಂಗಾದ್ರೆ ಪೂಜಾಗೆ ಹೊಡ್ದಿದ್ದು ನಾನಲ್ವಾ?"

"ಹೊಡ್ದಿದ್ದು ನೀನೇ ಕಣೇ. ಹಸಿದಿದ್ದೆ, ಅಷ್ಟೆ. ಸಾರಿ ಕೇಳ್ಬೇಕು" ಎಂದರು ಶಾಂತಲಾ. ಮಾಲಿನಿ ಜೋರಾಗಿ ನಕ್ಕುಬಿಟ್ಟರು.

ಒಂದು ಚಮಚ ತುಪ್ಪದಿಂದ ನಾಳೆಯೇ ಎಲ್ಲ ಸರಿಯಾಗುವುದಿಲ್ಲ, ಹೊಟ್ಟೆತುಂಬ ಊಟ ತಿಂಗಳುಗಟ್ಟಲೆ ನಡೆಯಬೇಕು, ಅಲ್ಲಿಯವರೆಗೆ ಪಂದ್ಯ ಬೇಡ ಎಂದು ಹೊರಡುವ ಮುಂಚೆ ಮಾಲಿನಿ ಸ್ಪಷ್ಟವಾಗಿ ಹೇಳಿದರು.

ನಿಜವಾದ ಕಷ್ಟ ಇದ್ದದ್ದು ಶಾಲೆಯಲ್ಲಿ. ಮುಖ್ಯೋಪಾಧ್ಯಾಯ ಮಹಾಲಿಂಗಯ್ಯ ಕೆಟ್ಟವರಲ್ಲ. ನಿವೃತ್ತಿಗೆ ಮುಂಚೆ ಶಾಲೆಗೊಂದು ದೊಡ್ಡ ಕಪ್ ಬರಲಿ ಎಂಬ ಆಸೆ ಅವರಿಗೆ.

"ಒಂದೇ ಒಂದ್ ಟೂರ್ನಮೆಂಟ್ ಕಣಮ್ಮ. ಗುಬ್ಬಿ ಮುಗೀಲಿ, ಆಮೇಲೆ ಎಷ್ಟ್ ಬೇಕಾದ್ರೂ ತಿನ್ಲಿ."

"ಸಾರ್, ಟೂರ್ನಮೆಂಟ್ ವರ್ಷಾವರ್ಷ ಬರುತ್ತೆ. ಮೂಳೆ ಗಟ್ಟಿಯಾಗೋ ವಯಸ್ಸು ಒಂದೇ ಸಲ ಬರೋದು. ನಾನು ಅವಳನ್ನ ಆಡ್ಸಲ್ಲ."

"ಹಂಗಾದ್ರೆ ಸೋತ್ರೆ ನೀವೇ ಜವಾಬ್ದಾರಿ."

"ಆಗ್ಲಿ ಸಾರ್."

ಸೋತರು. ಗುಬ್ಬಿಯಲ್ಲಿ ಎರಡನೇ ಪಂದ್ಯಕ್ಕೇ ತಂಡ ಹೊರಬಿತ್ತು. ಅಂಚಿನಲ್ಲಿ ಕೂತು ನೋಡಿದ ತನುಶ್ರೀ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಶಾಂತಲಾ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ರಾಜ್ಯ ಮಟ್ಟದ ಆಸೆ ಅವರಿಗೇನು ಕಡಿಮೆ ಇತ್ತೇ?

ಮನೆಯಲ್ಲಿ ಕೃಷ್ಣಕುಮಾರ್ ಕೇಳಿದರು: "ಮಾಡಿದ್ದು ಸರಿ ಅನ್ಸುತ್ತಾ?"

"ಸರಿ ಕಣ್ರೀ. ಆದ್ರೂ ಹೊಟ್ಟೆ ಉರೀತದೆ" ಎಂದು ಹೇಳಿ ಮುಖ ತೊಳೆಯಲು ಹೋದರು.

ಮುಂದಿನ ಸೋಮವಾರದಿಂದ ಅಭ್ಯಾಸದ ಕ್ರಮವೇ ಬದಲಾಯಿತು. ಮೊದಲು ಬುತ್ತಿ, ಆಮೇಲೆ ಆಟ. ಬೇಯಿಸಿದ ಹುರುಳಿಕಾಳು, ಹುರಿದ ಕಡಲೆಕಾಯಿ, ಕಾಯಿಚೂರು, ಹುಚ್ಚೆಳ್ಳು ಚಟ್ನಿ ಸವರಿದ ರೊಟ್ಟಿ, ಯಾರ ಮನೆಯಲ್ಲಿ ಏನಿತ್ತೋ ಅದು. ಎಲ್ಲವನ್ನೂ ಒಂದೇ ದೊಡ್ಡ ತಟ್ಟೆಗೆ ಸುರಿದು ಸುತ್ತ ಕೂತು ತಿನ್ನುವುದು. ತರಲಾಗದವರು ಯಾರೆಂದು ತಿಳಿಯದಂತೆ ಶಾಂತಲಾ ಹೀಗೆ ಮಾಡಿದ್ದರು. ತೂಕದ ಯಂತ್ರ ಆಫೀಸಿನ ಬೀರು ಸೇರಿ ಬೀಗ ಹಾಕಿಸಿಕೊಂಡಿತು.

ತನುಶ್ರೀಗೆ ತಿನ್ನುವುದು ಸುಲಭವಾಗಲಿಲ್ಲ. ಕಾಯಿಚೂರು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂರುತ್ತಿದ್ದಳು. ದಪ್ಪಗಾಗಿಬಿಡುತ್ತೇನೆ ಎಂಬ ಹೆದರಿಕೆ ಅವಳ ಕಣ್ಣಲ್ಲೇ ಕಾಣುತ್ತಿತ್ತು. ಶಾಂತಲಾ ತಿನ್ನೆಂದು ಒತ್ತಾಯಿಸಲಿಲ್ಲ, ಗದರಲಿಲ್ಲ. ಪಕ್ಕದಲ್ಲಿ ಕೂತು ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ನಿಟ್ಟೂರಿನ ಹಳೆಯ ಕಥೆ ಹೇಳುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಕೆಲವು ದಿನ ಕಾಯಿ ಖಾಲಿಯಾಗಿರುತ್ತಿತ್ತು, ಕೆಲವು ದಿನ ಹಾಗೇ ಉಳಿದಿರುತ್ತಿತ್ತು. ಪೂಜಾ ಮೊದಮೊದಲು ದೂರವೇ ಕೂರುತ್ತಿದ್ದಳು. ಒಂದು ದಿನ ತನುಶ್ರೀ ಅಮ್ಮನ ಕೈಯಲ್ಲಿ ಮಾಡಿಸಿದ ಚಿಗಳಿ ಉಂಡೆ ತಂದು ಅವಳ ಕೈಗಿಟ್ಟಳು. "ತಪ್ಪಾಯ್ತು ಕಣೇ." ಪೂಜಾ ಉಂಡೆ ಮುರಿದು ಅರ್ಧ ವಾಪಸು ಕೊಟ್ಟು, "ನೀನೂ ತಿನ್ನು ಮತ್ತೆ" ಎಂದಳು. ಇಬ್ಬರೂ ತಿಂದರು.

ಮಳೆ ನಿಂತು, ರಾಗಿ ಕೊಯ್ಲು ಮುಗಿದು, ಅವರೆಕಾಯಿ ಕಾಲ ಬಂತು. ಒಂದು ಸಂಜೆ ತನುಶ್ರೀ ಬುತ್ತಿ ತಿಂದಾದ ಮೇಲೆ ಏಳದೆ ಅಲ್ಲೇ ಕೂತಳು.

"ಯಾಕೇ, ವಾರ್ಮ್‌ಅಪ್ ಮಾಡಲ್ವಾ?"

"ಮಿಸ್, ಇವತ್ತು ಬೇಡ. ಹೊಟ್ಟೆ ನೋವು" ಎಂದು ಹೇಳಿ, ತುಟಿ ಕಚ್ಚಿಕೊಂಡು ನಕ್ಕಳು.

ಶಾಂತಲಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರು ಹುಡುಗಿಯ ತಲೆ ಸವರಿ, ಕಾಂಪೌಂಡ್ ಕಡೆ ತಿರುಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಏನ್ ನೋಡ್ತಿದೀರ ಎಲ್ರೂ, ಓಡ್ರೇ!" ಎಂದು ಉಳಿದವರ ಮೇಲೆ ರೇಗಿದರು.

ತನುಶ್ರೀ ಈಗ ಕುಣಿಗಲ್ಲಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಮೈ ತುಂಬಿಕೊಂಡು ಗಟ್ಟಿಯಾಗಿದ್ದಾಳೆ. ಹಿಂದಿನಂತೆ ರೈಡಿಗೆ ಹೋಗುವುದು ಕಡಿಮೆ. ಕಾಲೇಜು ತಂಡದಲ್ಲಿ ಅವಳು ಮೂಲೆ ಕಾಯುವ ಆಟಗಾರ್ತಿ, ಬಂದವರ ಕಾಲು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ. ಅಕ್ಕಪಕ್ಕದ ಶಾಲೆಗಳ ಪಿಟಿ ಶಿಕ್ಷಕರು, ನಮ್ಮ ಹುಡುಗಿಗೂ ಹೀಗೇ ಆಗಿದೆ ಮೇಡಂ ಎಂದು ಶಾಂತಲಾಗೆ ಫೋನ್ ಮಾಡುತ್ತಾರೆ. ತಮಗೆ ಎಲ್ಲ ಗೊತ್ತು ಎಂದು ಶಾಂತಲಾ ಯಾರಿಗೂ ಹೇಳಿದ್ದಿಲ್ಲ. ಮೊದಲು ತಾಯಿಯನ್ನು ಮಾತಾಡಿಸಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎನ್ನುತ್ತಾರೆ. ಬೇಕೆಂದರೆ ತಾವೂ ಜೊತೆಗೆ ಹೋಗುತ್ತಾರೆ.

ಮೊನ್ನೆ ತುಮಕೂರಿನಲ್ಲಿ ಕಾಲೇಜು ಹುಡುಗಿಯರ ಪಂದ್ಯವಿತ್ತು. ಕೊನೆಯ ರೈಡಿಗೆ ಬಂದ ಎದುರಾಳಿ ವಾಪಸು ಗೆರೆ ಮುಟ್ಟುವ ಮುಂಚೆಯೇ ತನುಶ್ರೀ ಅವಳ ಕಾಲು ಹಿಡಿದು ಎಳೆದುಕೊಂಡಳು. ಕುಣಿಗಲ್ ತಂಡ ಗೆದ್ದಿತು. ರಜೆ ಹಾಕಿ ನೋಡಲು ಬಂದಿದ್ದ ಶಾಂತಲಾ ಓಬಳಮ್ಮನವರ ತೋಳು ಹಿಡಿದು ಎಷ್ಟು ಕಿರುಚಿದ್ದರೆಂದರೆ, ಮಾರನೆಯ ದಿನ ಶಾಲೆಯಲ್ಲಿ ಅವರ ಗಂಟಲು ಹೊರಡಲಿಲ್ಲ. ಇಡೀ ದಿನ ಪೀಪಿಯಲ್ಲೇ ಪಾಠ ಮಾಡಿದರು.